ಗೋಡೆಯ ಮೇಲಿನ ಹಳೆಯ ಪಟ: ಕೈಬರಹವೇ, ಕಲ್ಲಚ್ಚೇ, ನಿನ್ನೆ ಮೊನ್ನೆಯ ನಕಲೇ?

ಹಾವೇರಿ: ಹಳೆಯ ಮನೆಯ ಪಡಸಾಲೆಗೆ ಕಾಲಿಟ್ಟವರ ಕಣ್ಣು ಮೊದಲು ಹೋಗುವುದು ಗೋಡೆಯ ಮೇಲ್ಭಾಗಕ್ಕೆ. ತೊಲೆಗೆ ತಾಗುವಂತೆ, ತುಸು ಮುಂದಕ್ಕೆ ಬಾಗಿಸಿ ತೂಗುಹಾಕಿದ ಪಟಗಳ ಸಾಲು ಅಲ್ಲಿರುತ್ತದೆ. ಕಮಲದ ಮೇಲೆ ನಿಂತ ಲಕ್ಷ್ಮಿ, ವೀಣೆ ಹಿಡಿದ ಸರಸ್ವತಿ, ರಾಮನ ಪಟ್ಟಾಭಿಷೇಕ, ಮಠದ ಸ್ವಾಮಿಗಳು, ಗಾಂಧೀಜಿ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳ ಹಳೆಯ ಓಣಿಗಳಲ್ಲಿ, ದಲಾಲಿ ಅಂಗಡಿಗಳ ಗಾದಿಯ ಹಿಂದೆ, ಮಠಗಳ ಪಡಸಾಲೆಗಳಲ್ಲಿ ಈ ಸಾಲು ಇನ್ನೂ ಅಲ್ಲಲ್ಲಿ ಉಳಿದಿದೆ. ಆದರೆ ಮನೆ ಕೆಡವಿ ಕಾಂಕ್ರೀಟು ಕಟ್ಟಡ ಏಳುವಾಗ ಈ ಪಟಗಳ ಗತಿಯೇನು?

ಸಾಮಾನ್ಯವಾಗಿ ಎರಡು ತಪ್ಪುಗಳಲ್ಲಿ ಒಂದು ನಡೆಯುತ್ತದೆ. ಕೆಲವರು ‘ಹಳೆಯ ಕ್ಯಾಲೆಂಡರು’ ಎಂದು ತಿಳಿದು ಪಟವನ್ನು ಹೊಳೆಗೆ ಬಿಡುತ್ತಾರೆ, ಇಲ್ಲವೇ ಗುಜರಿಯವನಿಗೆ ಚೌಕಟ್ಟಿನ ಕಟ್ಟಿಗೆಯ ಬೆಲೆಗೆ ಕೊಡುತ್ತಾರೆ. ಇನ್ನು ಕೆಲವರು ಕೆಳಗಿನ ಮೂಲೆಯಲ್ಲಿ ರವಿವರ್ಮನ ಸಹಿ ಕಂಡೊಡನೆ ಕೋಟಿಗಳ ಕನಸು ಕಾಣುತ್ತಾರೆ. 2023ರಲ್ಲಿ ರಾಜಾ ರವಿವರ್ಮನ ‘ಯಶೋದೆ ಮತ್ತು ಕೃಷ್ಣ’ ತೈಲಚಿತ್ರವು ಹರಾಜಿನಲ್ಲಿ 38 ಕೋಟಿ ರೂಪಾಯಿಗೆ ಮಾರಾಟವಾದ ಸುದ್ದಿ ಇಂಥ ಕನಸಿಗೆ ನೀರೆರೆದಿದೆ. ಆದರೆ ಆ ಬೆಲೆ ಕಲಾವಿದನು ಕುಂಚ ಹಿಡಿದು ಬರೆದ ಒಂದೇ ಒಂದು ಚಿತ್ರಕ್ಕೆ ಸಂದದ್ದು. ಸಾವಿರಗಟ್ಟಲೆ ಅಚ್ಚಾದ ಪ್ರತಿಗಳಿಗೆ ಅಲ್ಲ. ಹಾಗೆಂದು ಅಚ್ಚಾದ ಪ್ರತಿ ಕಸವೂ ಅಲ್ಲ. ನೂರು ವರ್ಷ ದಾಟಿದ ಒಳ್ಳೆಯ ಕಲ್ಲಚ್ಚಿಗೆ ಅದರದೇ ಆದ ಚರಿತ್ರೆಯಿದೆ, ಅದರದೇ ಆದ ಮೌಲ್ಯವಿದೆ.

ಎರಡೂ ತಪ್ಪುಗಳಿಂದ ಪಾರಾಗಲು ಬೇಕಾದದ್ದು ದೊಡ್ಡ ಪಾಂಡಿತ್ಯವಲ್ಲ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಒಂದು ಮಸೂರ, ಹಗಲಿನ ಬೆಳಕು ಮತ್ತು ತುಸು ತಾಳ್ಮೆ. ಮಸೂರಕ್ಕಾಗಿ ದೂರ ಹೋಗಬೇಕಾಗಿಲ್ಲ. ಪೇಟೆಯ ಅಕ್ಕಸಾಲಿಗರ ಬಳಿ, ಗಡಿಯಾರ ದುರಸ್ತಿ ಮಾಡುವವರ ಬಳಿ ಅದು ಇದ್ದೇ ಇರುತ್ತದೆ.

ಪಟಗಳು ಇಲ್ಲಿಗೆ ಬಂದ ದಾರಿ

ಪಟದ ಜಾತಿ ಗುರುತಿಸುವ ಮೊದಲು ಅದು ಎಲ್ಲಿಂದ ಬಂದಿರಬಹುದೆಂದು ಊಹಿಸುವುದು ಉಪಯುಕ್ತ. ಇಂದಿನ ಹಾವೇರಿ ಜಿಲ್ಲೆ ರೂಪುಗೊಂಡದ್ದು 1997ರಲ್ಲಿ. ಅದಕ್ಕೆ ಮೊದಲು ಈ ಮೂರೂ ಊರುಗಳು ಧಾರವಾಡ ಜಿಲ್ಲೆಗೆ ಸೇರಿದ್ದವು. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಧಾರವಾಡ ಜಿಲ್ಲೆಯೇ ಮುಂಬಯಿಯ ಆಡಳಿತದಲ್ಲಿತ್ತು. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆಯ ಹಳಿಯು ಹುಬ್ಬಳ್ಳಿಯಿಂದ ಹರಿಹರದ ಕಡೆಗೆ ಸಾಗಿದಾಗ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಮೂರೂ ಒಂದೇ ಸಾಲಿನ ನಿಲ್ದಾಣಗಳಾದವು. ಹತ್ತಿ, ಮೆಣಸಿನಕಾಯಿಗಳ ವ್ಯಾಪಾರಿಗಳಿಗೆ ಮುಂಬಯಿ ಮತ್ತು ಪುಣೆಗಳು ಮೈಸೂರಿಗಿಂತ ಹತ್ತಿರವಾದವು. ಆದುದರಿಂದ ಹಳೆಯ ಮೈಸೂರು ಸೀಮೆಯ ಮನೆಗಳಲ್ಲಿ ಮೈಸೂರು ಶೈಲಿಯ ಚಿತ್ರಗಳನ್ನು ನಿರೀಕ್ಷಿಸಬಹುದಾದರೆ, ಇಲ್ಲಿಯ ಮನೆಗಳಲ್ಲಿ ಮೊದಲು ನಿರೀಕ್ಷಿಸಬೇಕಾದದ್ದು ಪುಣೆ ಮುಂಬಯಿಗಳ ಅಚ್ಚಿನ ಪಟಗಳನ್ನು.

ಪುಣೆಯಲ್ಲಿ ವಿಷ್ಣುಶಾಸ್ತ್ರಿ ಚಿಪಳೂಣಕರ ಮತ್ತು ಅವರ ಸಂಗಡಿಗರು 1878ರಲ್ಲಿ ಚಿತ್ರಶಾಳಾ ಮುದ್ರಣಾಲಯವನ್ನು ಆರಂಭಿಸಿದರು. ದೇವತೆಗಳ ಜೊತೆಗೆ ಮರಾಠಾ ಚರಿತ್ರೆಯ ವೀರರೂ ಅಲ್ಲಿ ಬಣ್ಣದಲ್ಲಿ ಅಚ್ಚಾದರು. ಅದೇ ವರ್ಷ ಕಲ್ಕತ್ತೆಯಲ್ಲಿ ಕಲ್ಕತ್ತಾ ಆರ್ಟ್ ಸ್ಟುಡಿಯೋ ಹುಟ್ಟಿತು. 1894ರಲ್ಲಿ ರವಿವರ್ಮ ಮತ್ತು ಅವನ ತಮ್ಮ ರಾಜರಾಜವರ್ಮರು ಮುಂಬಯಿಯಲ್ಲಿ ತಮ್ಮದೇ ಮುದ್ರಣಾಲಯವನ್ನು ತೆರೆದರು. ಜರ್ಮನಿಯಿಂದ ಯಂತ್ರ ಬಂದಿತು, ತಂತ್ರಜ್ಞರು ಬಂದರು. ಪ್ಲೇಗಿನ ಹಾವಳಿಯ ದಿನಗಳಲ್ಲಿ, 1899ರಲ್ಲಿ, ಮುದ್ರಣಾಲಯವು ಲೋಣಾವಳದ ಬಳಿಯ ಮಳವಲಿಗೆ ಸ್ಥಳಾಂತರಗೊಂಡಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅದು ಜರ್ಮನ್ ತಂತ್ರಜ್ಞ ಫ್ರಿಟ್ಸ್ ಶ್ಲೈಶರನ ಕೈಸೇರಿತು. ರವಿವರ್ಮ 1906ರಲ್ಲಿ ತೀರಿಕೊಂಡ ಮೇಲೂ ಹತ್ತಾರು ವರ್ಷ ಅವನ ಹೆಸರಿನ ಪಟಗಳು ಅಲ್ಲಿಂದ ಹೊರಬರುತ್ತಲೇ ಇದ್ದವು. 1972ರಲ್ಲಿ ಬೆಂಕಿ ಬಿದ್ದು ಮುದ್ರಣಾಲಯದ ಬಹುಭಾಗ ನಾಶವಾಯಿತು.

ಈ ಇತಿಹಾಸದಿಂದ ಒಂದು ಪಾಠವನ್ನು ಈಗಲೇ ಕಲಿಯಬಹುದು. ‘ರವಿವರ್ಮ’ ಎಂಬ ಸಹಿ ಪಟದ ವಯಸ್ಸನ್ನು ಹೇಳುವುದಿಲ್ಲ. ಮೂಲಚಿತ್ರದ ಮೇಲಿದ್ದ ಸಹಿಯೂ ಚಿತ್ರದ ಜೊತೆಗೇ ಅಚ್ಚಾಗಿರುತ್ತದೆ. ಅದನ್ನು 1896ರ ಪ್ರತಿಯಲ್ಲೂ ಕಾಣಬಹುದು, ಕಳೆದ ವಾರ ಅಚ್ಚು ಹಾಕಿಸಿದ ಪ್ರತಿಯಲ್ಲೂ ಕಾಣಬಹುದು.

ಮೊದಲ ಪ್ರಶ್ನೆ: ಬರೆದದ್ದೇ, ಅಚ್ಚಾದದ್ದೇ?

ಗಾಜಿನ ಹಿಂದೆ ಇರುವುದೆಲ್ಲ ಅಚ್ಚಿನ ಪಟವಲ್ಲ. ಕನಿಷ್ಠ ನಾಲ್ಕು ಬಗೆಯ ಬೇರೆ ವಸ್ತುಗಳು ಅಚ್ಚಿನ ಪಟದ ವೇಷದಲ್ಲಿರಬಹುದು.

ಮೊದಲನೆಯದು ಗಾಜಿನ ಚಿತ್ರ. ಇಲ್ಲಿ ಬಣ್ಣವನ್ನು ಗಾಜಿನ ಹಿಂಬದಿಗೇ ಬಳಿದಿರುತ್ತಾರೆ; ಚಿತ್ರವು ಗಾಜಿಗೆ ಅಂಟಿಕೊಂಡೇ ಇರುತ್ತದೆ. ಓರೆಯಾಗಿ ನೋಡಿದಾಗ ಗಾಜಿಗೂ ಚಿತ್ರಕ್ಕೂ ನಡುವೆ ತೆರಪು ಕಾಣದಿದ್ದರೆ, ಅಲ್ಲಲ್ಲಿ ಬಣ್ಣದ ಹಕ್ಕಳೆ ಎದ್ದು ಹಿಂಬದಿಯ ತಗಡು ಅಥವಾ ಕಾಗದ ಇಣುಕುತ್ತಿದ್ದರೆ ಅದು ಗಾಜಿನ ಚಿತ್ರ. ಇಂಥದನ್ನು ಎಂದಿಗೂ ಒರೆಸಬಾರದು, ಗಾಜನ್ನು ಬದಲಿಸಲೂ ಬಾರದು. ಗಾಜು ಹೋದರೆ ಚಿತ್ರವೇ ಹೋದಂತೆ.

ಎರಡನೆಯದು ಮೈಸೂರು ಅಥವಾ ತಂಜಾವೂರು ಶೈಲಿಯ ಚಿತ್ರ. ಒಡವೆ, ಕಿರೀಟಗಳ ಭಾಗ ಮೇಲ್ಮೈಯಿಂದ ಉಬ್ಬಿದ್ದು, ಆ ಉಬ್ಬಿನ ಮೇಲೆ ಬಂಗಾರದ ರೇಕು ಅಂಟಿಸಿರುವುದು ಇದರ ಲಕ್ಷಣ. ಮೈಸೂರು ಶೈಲಿಯಲ್ಲಿ ಉಬ್ಬು ತೆಳು. ತಂಜಾವೂರಿನಲ್ಲಿ ದಪ್ಪ, ಗಾಜಿನ ಹರಳುಗಳೂ ಇರುತ್ತವೆ. ಆದರೆ ಎಚ್ಚರ: ರವಿವರ್ಮನ ಅಚ್ಚಿನ ಪಟಗಳಿಗೂ ಜರಿ, ಚಮಕಿ, ಬಟ್ಟೆ ಹೊಲಿದು ದೇವಿಗೆ ಸೀರೆ ಉಡಿಸುವ ರೂಢಿ ಇತ್ತು. ಜರಿಯ ಕೆಳಗೆ ಮುಖ, ಕೈಗಳ ಮೇಲೆ ಮಸೂರವಿಟ್ಟರೆ ಅಚ್ಚಿನ ಚುಕ್ಕಿಗಳು ಕಾಣುತ್ತವೆ. ಆ ಜರಿಕೆಲಸವೂ ಮನೆಯ ಹೆಂಗಸರ ಕೈಚಳಕದ ದಾಖಲೆಯೇ. ಅದನ್ನು ಬಿಚ್ಚಿ ‘ಶುದ್ಧ’ಗೊಳಿಸಲು ಹೋಗಬಾರದು.

ಮೂರನೆಯದು ಬಣ್ಣ ಹಚ್ಚಿದ ಛಾಯಾಚಿತ್ರ. ಈ ಭಾಗದ ಮನೆಗಳಲ್ಲಿ, 1909ರಲ್ಲಿ ಶಿವಯೋಗ ಮಂದಿರವನ್ನು ಸ್ಥಾಪಿಸಿದ ಹಾನಗಲ್ಲ ಕುಮಾರ ಸ್ವಾಮಿಗಳ ಭಾವಚಿತ್ರ ಇರುವುದು ಸಾಮಾನ್ಯ. ಹಾಗೆಯೇ ಮನೆಯ ಹಿರಿಯರ ಭಾವಚಿತ್ರಗಳೂ ಇರುತ್ತವೆ. ಕಪ್ಪು ಬಿಳುಪು ಅಥವಾ ಕಂದು ಛಾಯೆಯ ಫೋಟೋಕ್ಕೆ ಕೈಯಿಂದ ತೆಳುಬಣ್ಣ ಹಚ್ಚುವ ಪದ್ಧತಿ ಸ್ಟುಡಿಯೋಗಳಲ್ಲಿತ್ತು. ಮಸೂರದಲ್ಲಿ ನೋಡಿದಾಗ ಚುಕ್ಕಿಯೇ ಇಲ್ಲದೆ ಬೆಳಕು ನೆರಳುಗಳು ಒಂದರಲ್ಲೊಂದು ಕರಗಿಹೋಗಿದ್ದರೆ, ಕಪ್ಪು ಭಾಗಗಳು ಓರೆಬೆಳಕಿನಲ್ಲಿ ಬೆಳ್ಳಿಯಂತೆ ಮಿನುಗಿದರೆ ಅದು ಛಾಯಾಚಿತ್ರ. ಮುದ್ರಿತ ಪಟಕ್ಕೆ ಬೇರೆ ಪ್ರತಿಗಳಿರಬಹುದು. ಇಂಥ ಫೋಟೋಕ್ಕೆ ಬಹುಶಃ ಇರಲಾರದು. ಮನೆತನದ ದೃಷ್ಟಿಯಿಂದ ಸಾಲಿನಲ್ಲಿರುವ ಅತ್ಯಂತ ಅಮೂಲ್ಯ ವಸ್ತು ಅದೇ ಆಗಿರಬಹುದು.

ನಾಲ್ಕನೆಯದು ನಿಜವಾದ ತೈಲಚಿತ್ರ ಅಥವಾ ಜಲವರ್ಣ ಚಿತ್ರ. ಕುಂಚದ ಎಳೆಗಳು ಚಿತ್ರದ ಆಕಾರವನ್ನು ಅನುಸರಿಸುತ್ತವೆ. ಕೆನ್ನೆಯಲ್ಲಿ ದುಂಡಗೆ, ಸೀರೆಯ ನೆರಿಗೆಯಲ್ಲಿ ಉದ್ದಕ್ಕೆ. ಓಲಿಯೋಗ್ರಾಫಿನಲ್ಲಿ ಕಾಣುವ ಬಟ್ಟೆಯ ನೇಯ್ಗೆಯಂಥ ಗೆರೆಗಳಾದರೋ ಮುಖ, ಆಕಾಶ, ನೆಲವೆನ್ನದೆ ಎಲ್ಲೆಡೆ ಒಂದೇ ಸಮ ಹರಡಿರುತ್ತವೆ. ಏಕೆಂದರೆ ಅವು ಯಂತ್ರದಿಂದ ಒತ್ತಿದ ಗೆರೆಗಳು.

ಮಸೂರ ಹೇಳುವ ಸಾಕ್ಷ್ಯ

ಅಚ್ಚಿನ ಪಟವೆಂದು ಖಚಿತವಾದ ಮೇಲೆ ಯಾವ ಅಚ್ಚು ಎಂಬ ಪ್ರಶ್ನೆ. ಮುದ್ರಣದ ವಿಧಾನಗಳು ಹಲವಿದ್ದರೂ ಶಾಯಿ ಎಲ್ಲಿ ನಿಲ್ಲುತ್ತದೆ ಎಂಬುದರ ಮೇಲೆ ಅವನ್ನು ಮೂರು ಕುಲಗಳಾಗಿ ವಿಂಗಡಿಸಬಹುದು: ಉಬ್ಬಿದ ಭಾಗದಲ್ಲಿ ಶಾಯಿ ನಿಲ್ಲುವ ಮರದಚ್ಚು; ಕೊರೆದ ತಗ್ಗಿನಲ್ಲಿ ನಿಲ್ಲುವ ತಾಮ್ರದ ತಗಡಿನ ಅಚ್ಚು; ಸಮತಟ್ಟಾದ ಮೇಲ್ಮೈಯಲ್ಲಿ ನಿಲ್ಲುವ ಕಲ್ಲಚ್ಚು.

ಮರದಚ್ಚಿನಲ್ಲಿ ಕಾಗದವನ್ನು ಉಬ್ಬಿದ ಗೆರೆಯ ಮೇಲೆ ಒತ್ತುವುದರಿಂದ ಶಾಯಿ ಗೆರೆಯ ಅಂಚಿಗೆ ಸರಿದು ಅಲ್ಲಿ ದಟ್ಟವಾಗಿರುತ್ತದೆ. ಹಾಳೆಯ ಹಿಂಬದಿಯಲ್ಲಿ ಗೆರೆ ಒತ್ತಿದ ಗುರುತು ಬೆರಳಿಗೆ ಸಿಗುವುದೂ ಉಂಟು. ಹಳೆಯ ಪುರಾಣ ಗ್ರಂಥಗಳ, ಪಂಚಾಂಗಗಳ ಒಳಗಿನ ಚಿತ್ರಗಳಲ್ಲಿ ಇದನ್ನು ನೋಡಬಹುದು.

ತಾಮ್ರದ ಅಚ್ಚಿನಲ್ಲಿ ಇದಕ್ಕೆ ತದ್ವಿರುದ್ಧ. ತಗ್ಗಿನಲ್ಲಿದ್ದ ಶಾಯಿಯನ್ನು ಕಾಗದವು ಎತ್ತಿಕೊಂಡು ಬರುವುದರಿಂದ ಗೆರೆ ಮೇಲ್ಮೈಯಿಂದ ಕೂದಲೆಳೆಯಷ್ಟು ಉಬ್ಬಿರುತ್ತದೆ. ಚಿತ್ರದ ಸುತ್ತ ತಗಡಿನ ಅಂಚು ಒತ್ತಿದ ಆಯತಾಕಾರದ ತಗ್ಗು ಕಾಣುತ್ತದೆ. ಟಿಪ್ಪುವಿನ ಕಾಲದ ಯುದ್ಧಗಳ ನಂತರ ಲಂಡನ್ನಿನಲ್ಲಿ ಪ್ರಕಟವಾದ ಮೈಸೂರು ಸೀಮೆಯ ಕೋಟೆ ಕೊತ್ತಲಗಳ ಚಿತ್ರಗಳು ಈ ಕುಲದವು. ರಾಬರ್ಟ್ ಹೋಮ್ 1794ರಲ್ಲಿ ಪ್ರಕಟಿಸಿದ ಮೈಸೂರಿನ ದೃಶ್ಯಗಳ ಪುಸ್ತಕ ಗೆರೆಯ ಕೊರೆತಕ್ಕೆ ಉದಾಹರಣೆ. ಥಾಮಸ್ ಮತ್ತು ವಿಲಿಯಂ ಡೇನಿಯಲ್ ಅವರ ಭಾರತ ದೃಶ್ಯಾವಳಿ, 1795ರಿಂದ 1808ರವರೆಗೆ 144 ಚಿತ್ರಗಳಾಗಿ ಬಂದದ್ದು, ಅಕ್ವಾಟಿಂಟ್ ಎಂಬ ಬಗೆಗೆ ಉದಾಹರಣೆ. ಮಸೂರದಲ್ಲಿ ಅದರ ಛಾಯೆ ಬಿರುಕುಬಿಟ್ಟ ಕೆರೆಯಂಗಳದಂಥ ಸೂಕ್ಷ್ಮ ಜಾಲವಾಗಿ ಕಾಣುತ್ತದೆ. ಇಂಥವು ಈ ಪಟ್ಟಣಗಳ ಮನೆಗಳಲ್ಲಿ ಸಿಗುವುದು ಅಪರೂಪ. ಪುಸ್ತಕಗಳಿಂದ ಹರಿದು ಚೌಕಟ್ಟು ಹಾಕಿದ ಹಾಳೆಗಳು ಬೆಂಗಳೂರಿನಂಥ ನಗರಗಳ ಅಂಗಡಿಗಳಲ್ಲಿ ಮಾರಾಟಕ್ಕಿರುವುದುಂಟು.

ನಮ್ಮ ಪಡಸಾಲೆಗಳ ನಿಜವಾದ ಒಡೆಯ ಮೂರನೆಯ ಕುಲ, ಕಲ್ಲಚ್ಚು. ಬವೇರಿಯಾದ ಅಲೋಯಿಸ್ ಸೆನೆಫೆಲ್ಡರ್ 1796ರ ಸುಮಾರಿಗೆ ಕಂಡುಹಿಡಿದ ಈ ವಿಧಾನದ ಗುಟ್ಟು ಸರಳ: ಎಣ್ಣೆಗೂ ನೀರಿಗೂ ಸೇರದು. ನಯಗೊಳಿಸಿದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಬತ್ತಿಯಿಂದ ಚಿತ್ರ ಬರೆದು, ಕಲ್ಲನ್ನು ಒದ್ದೆ ಮಾಡಿ, ಎಣ್ಣೆಯ ಶಾಯಿ ಉರುಳಿಸಿದರೆ ಜಿಡ್ಡಿದ್ದ ಕಡೆ ಮಾತ್ರ ಶಾಯಿ ಹತ್ತುತ್ತದೆ. 1837ರಲ್ಲಿ ಎಂಗೆಲ್ಮನ್ ಎಂಬ ಫ್ರೆಂಚ್ ಮುದ್ರಕ ಬಣ್ಣದ ಕಲ್ಲಚ್ಚಿಗೆ ಪೇಟೆಂಟ್ ಪಡೆದ. ಪ್ರತಿಯೊಂದು ಬಣ್ಣಕ್ಕೂ ಪ್ರತ್ಯೇಕ ಕಲ್ಲು. ಒಂದು ಪಟಕ್ಕೆ ಹತ್ತು ಹನ್ನೆರಡು ಕಲ್ಲುಗಳು ಬೇಕಾಗುವುದೂ ಉಂಟು. ಇದೇ ಕ್ರೋಮೋಲಿಥೋಗ್ರಾಫ್. ಅದರ ಮೇಲೆ ಮೆರುಗೆಣ್ಣೆ ಬಳಿದು, ಬಟ್ಟೆಯ ನೇಯ್ಗೆಯ ಗುರುತು ಒತ್ತಿ ತೈಲಚಿತ್ರದಂತೆ ಕಾಣುವ ಹಾಗೆ ಮಾಡಿದರೆ ಅದಕ್ಕೆ ಓಲಿಯೋಗ್ರಾಫ್ ಎಂದು ಹೆಸರು. ರವಿವರ್ಮನ ಪಟಗಳೆಲ್ಲವನ್ನೂ ಜನ ಓಲಿಯೋಗ್ರಾಫ್ ಎಂದೇ ಕರೆಯುವುದು ರೂಢಿಯಾದರೂ, ಮೆರುಗು ಮತ್ತು ಉಬ್ಬು ಇಲ್ಲದ ಪ್ರತಿಗಳನ್ನು ಬಣ್ಣದ ಕಲ್ಲಚ್ಚು ಎನ್ನುವುದೇ ಸರಿ.

ಬಣ್ಣದ ಕಲ್ಲಚ್ಚನ್ನು ಗುರುತಿಸಲು ದೇವಿಯ ಕೆನ್ನೆಯ ಮೇಲೆ ಮಸೂರವಿಡಿ. ಅಲ್ಲಿ ಕಾಣುವ ಚುಕ್ಕಿಗಳು ಕುಶಲಕರ್ಮಿಯ ಕೈಯಿಂದ ಬಿದ್ದವು. ಆದ್ದರಿಂದ ಒಂದು ದೊಡ್ಡದು, ಒಂದು ಚಿಕ್ಕದು. ಕೆಲವು ಒತ್ತಾಗಿ, ಕೆಲವು ಚೆದರಿ, ಎರಚಿದ ರಾಗಿಯ ಕಾಳಿನಂತೆ ಇರುತ್ತವೆ. ಗುಲಾಬಿ, ತಿಳಿಗಂದು, ಬೂದು, ನಸುನೀಲಿ ಹೀಗೆ ಬಣ್ಣಗಳೂ ಹಲವು. ಹಾಳೆಯ ಅಂಚನ್ನು ಕತ್ತರಿಸದೆ ಉಳಿಸಿದ್ದರೆ ಕಲ್ಲುಗಳನ್ನು ಒಂದರ ಮೇಲೊಂದು ಸರಿಹೊಂದಿಸಲು ಹಾಕಿದ ಸಣ್ಣ ಕೂಡುಗೆರೆಗಳೂ ಸಿಗಬಹುದು.

ಇದರ ನಂತರ ಬಂದದ್ದು ಹಾಫ್‌ಟೋನ್. 1880ರ ದಶಕದಲ್ಲಿ ಯೂರೋಪು ಅಮೆರಿಕಗಳಲ್ಲಿ ರೂಢಿಗೆ ಬಂದ ಈ ವಿಧಾನದಲ್ಲಿ ಚಿತ್ರವನ್ನು ಜಾಲರಿಯ ಮೂಲಕ ಛಾಯಾಗ್ರಹಣ ಮಾಡಿ ಚುಕ್ಕಿಗಳಾಗಿ ಒಡೆಯುತ್ತಾರೆ. ಇಲ್ಲಿ ಚುಕ್ಕಿಗಳು ಸೈನಿಕರಂತೆ ಸಾಲಾಗಿ ನಿಲ್ಲುತ್ತವೆ; ಸಾಲು ಎಂದೂ ತಪ್ಪುವುದಿಲ್ಲ. ಬಣ್ಣಗಳು ಮೂರು ಅಥವಾ ನಾಲ್ಕೇ: ಹಳದಿ, ಕೆನ್ನೀಲಿಗೆಂಪು, ನೀಲಿ, ಕಪ್ಪು. ಅವು ಒಂದರ ಮೇಲೊಂದು ಬಿದ್ದಾಗ ಸಣ್ಣ ಹೂವಿನ ಆಕೃತಿ ಮೂಡುತ್ತದೆ. ಲೋಹದ ಬ್ಲಾಕಿನಿಂದ ಅಚ್ಚಾದ ಹಾಫ್‌ಟೋನಿನಲ್ಲಿ ಪ್ರತಿ ಚುಕ್ಕಿಯ ಅಂಚು ದಟ್ಟವಾಗಿರುತ್ತದೆ. ಆಫ್‌ಸೆಟ್ಟಿನಲ್ಲಿ ಚುಕ್ಕಿ ಒಂದೇ ಸಮ. ಶಿವಕಾಶಿಯ ಕ್ಯಾಲೆಂಡರುಗಳೂ ಇಂದಿನ ದೇವರ ಪಟಗಳೂ ಈ ಕೊನೆಯ ವರ್ಗಕ್ಕೆ ಸೇರುತ್ತವೆ.

ಕೊನೆಯದು ಕಂಪ್ಯೂಟರ್ ಮುದ್ರಣ. ಇಲ್ಲಿ ಸಾಲೂ ಇಲ್ಲ, ಕೈಬರಹದ ಚುಕ್ಕಿಯೂ ಇಲ್ಲ. ಪಿಚಕಾರಿಯಿಂದ ಸಿಂಪಡಿಸಿದಂಥ ಅತಿಸೂಕ್ಷ್ಮ ಹನಿಗಳು ಅಂಚಿಲ್ಲದೆ ಮಸುಕಾಗಿರುತ್ತವೆ.

ಮೋಸ ನಡೆಯುವುದು ಇಲ್ಲಿಯೇ. ಹಳೆಯ ಕಲ್ಲಚ್ಚನ್ನು ಸ್ಕ್ಯಾನ್ ಮಾಡಿ ಹೊಸದಾಗಿ ಮುದ್ರಿಸಿದರೆ ಬರಿಗಣ್ಣಿಗೆ ಹಳೆಯ ಕೈಚುಕ್ಕಿಗಳೂ ಕಾಣುತ್ತವೆ. ಆದರೆ ಮಸೂರದಲ್ಲಿ ನೋಡಿದಾಗ ಆ ಒಂದೊಂದು ಚುಕ್ಕಿಯೂ ಇನ್ನಷ್ಟು ಸಣ್ಣ ಚುಕ್ಕಿಗಳಿಂದ ಕಟ್ಟಲ್ಪಟ್ಟಿರುತ್ತದೆ. ಚುಕ್ಕಿಯೊಳಗೆ ಚುಕ್ಕಿ ಕಂಡರೆ ಅದು ನಕಲೆಂದೇ ತಿಳಿಯಬೇಕು.

ಅಂಚು, ಬೆನ್ನು ಮತ್ತು ಕಾಗದ

ಪಟದ ಕೆಳ ಅಂಚಿನ ಸಣ್ಣಕ್ಷರಗಳನ್ನು ಓದದೆ ಯಾವ ತೀರ್ಮಾನಕ್ಕೂ ಬರಬಾರದು. ರವಿವರ್ಮ ಮುದ್ರಣಾಲಯದ ಪ್ರತಿಗಳಲ್ಲಿ ಮುದ್ರಣಾಲಯದ ಹೆಸರು, ಸ್ಥಳ, ಕೆಲವೊಮ್ಮೆ ಪಟದ ಕ್ರಮಸಂಖ್ಯೆ ಇರುತ್ತದೆ. ಮುಂಬಯಿಯ ವಿಳಾಸವಿದ್ದರೆ ಆರಂಭದ ವರ್ಷಗಳ ಪ್ರತಿಯಾಗಿರುವ ಸಂಭವ ಹೆಚ್ಚು. ಕಾರ್ಲಾ, ಲೋಣಾವಳ, ಮಳವಲಿಗಳ ಹೆಸರಿದ್ದರೆ ಅದು 1899ರ ನಂತರದ್ದು. ಜರ್ಮನಿಯಲ್ಲಿ ಮುದ್ರಿತವಾದುದೆಂಬ ಒಕ್ಕಣೆಯಿದ್ದರೆ ಆಶ್ಚರ್ಯಪಡಬೇಕಾಗಿಲ್ಲ. ಭಾರತದ ಮಾರುಕಟ್ಟೆಗೆಂದೇ ಅಲ್ಲಿ ದೇವರ ಪಟಗಳು ಅಚ್ಚಾಗುತ್ತಿದ್ದವು. ದುಃಖದ ಸಂಗತಿಯೆಂದರೆ, ಚೌಕಟ್ಟಿಗೆ ಹೊಂದಿಸುವಾಗ ಕಟ್ಟು ಹಾಕುವವರು ಮೊದಲು ಕತ್ತರಿಸುತ್ತಿದ್ದುದೇ ಈ ಅಂಚನ್ನು. ಇಂದು ಹೊಸ ಕಟ್ಟು ಹಾಕಿಸುವವರು ‘ಅಂಚು ಕತ್ತರಿಸಬೇಡಿ’ ಎಂದು ಮೊದಲೇ ಹೇಳುವುದು ಒಳ್ಳೆಯದು.

ಹಿಂಬದಿಯ ಹಲಗೆಯೊಳಗೆ ತುಂಬಿದ ಹಳೆಯ ಪತ್ರಿಕೆಯ ಹಾಳೆಯೂ ಸಾಕ್ಷಿ ನುಡಿಯಬಲ್ಲದು. ಆದರೆ ಅದು ಹೇಳುವುದು ಕಟ್ಟು ಹಾಕಿದ ಕಾಲವನ್ನೇ ಹೊರತು ಪಟ ಅಚ್ಚಾದ ಕಾಲವನ್ನಲ್ಲ. 1910ರ ಪಟಕ್ಕೆ 1955ರಲ್ಲಿ ಮರುಕಟ್ಟು ಬಿದ್ದಿರಬಹುದು.

ಕಾಗದಕ್ಕೆ ಇನ್ನೊಂದು ಪರೀಕ್ಷೆಯಿದೆ. ಖೋಟಾ ನೋಟು ಪತ್ತೆಗೆ ವ್ಯಾಪಾರಿಗಳು ಬಳಸುವ ನೇರಳಾತೀತ ದೀಪವನ್ನು ಕತ್ತಲೆ ಕೋಣೆಯಲ್ಲಿ ಪಟದ ಬಿಳಿ ಅಂಚಿನ ಮೇಲೆ ಹಾಯಿಸಿ. ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಂಥ ಜಾಗದಲ್ಲಿ ಈ ದೀಪ ಹುಡುಕುವುದು ಕಷ್ಟವಾಗದು. ಕಾಗದವನ್ನು ಬೆಳ್ಳಗೆ ಹೊಳೆಯುವಂತೆ ಮಾಡುವ ರಾಸಾಯನಿಕಗಳು 1950ರ ಸುಮಾರಿನಿಂದ ಬಳಕೆಗೆ ಬಂದವು. ಅಂಚು ನೀಲಿಯಾಗಿ ಪ್ರಜ್ವಲಿಸಿದರೆ ಅದು ನೂರು ವರ್ಷದ ಕಾಗದವಲ್ಲ. ಹೊಳೆಯದಿದ್ದರೆ ಮಾತ್ರ ಹಳೆಯದೆಂದು ತಕ್ಷಣ ನಂಬಬಾರದು. ಹೊಳೆಯದ ಹೊಸ ಕಾಗದಗಳೂ ಇವೆ. ಚಹದ ಡಿಕಾಕ್ಷನ್ನಿನಲ್ಲಿ ಅದ್ದಿ ಕಾಗದವನ್ನು ಕಂದು ಮಾಡುವ ಕಲೆಯೂ ಹೊಸದಲ್ಲ. ನಿಜವಾದ ಮುಪ್ಪು ಗಾಳಿ ಬೆಳಕು ತಾಗಿದ ಕಡೆ ಹೆಚ್ಚು, ಚೌಕಟ್ಟಿನ ತುಟಿಯಡಿ ಕಡಿಮೆ ಇರುತ್ತದೆ. ಕೃತಕ ಮುಪ್ಪು ಎಲ್ಲೆಡೆ ಒಂದೇ ಸಮ.

ಪಟದೊಳಗಿನ ಕಾಲಸೂಚಿಗಳು

ದೇವರ ಪಟಗಳಿಗೆ ಕಾಲವಿಲ್ಲ; ದೇಶನಾಯಕರ ಪಟಗಳಿಗೆ ಇದೆ. ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರಿನಲ್ಲಿ ಹುಟ್ಟಿ, 1930ರ ದಂಡಿ ಯಾತ್ರೆಯಲ್ಲಿ ಗಾಂಧೀಜಿಯೊಡನೆ ನಡೆದು, 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಹುತಾತ್ಮರಾದ ಮೈಲಾರ ಮಹಾದೇವಪ್ಪನವರ ನಾಡಿದು. ಇಲ್ಲಿಯ ಮನೆಗಳಲ್ಲಿ ಸ್ವಾತಂತ್ರ್ಯ ಹೋರಾಟದ ಪಟಗಳಿಗೆ ದೇವರ ಪಕ್ಕದಲ್ಲೇ ಸ್ಥಾನ ದೊರೆತದ್ದು ಸಹಜ. ಅಂಥ ಪಟದಲ್ಲಿ ಧ್ವಜವಿದ್ದರೆ ಅದನ್ನೇ ನೋಡಿ. ಕೇಸರಿ, ಬಿಳಿ, ಹಸಿರಿನ ನಡುವೆ ಚರಕವಿದ್ದರೆ ಅದು 1931ರಲ್ಲಿ ಕಾಂಗ್ರೆಸ್ ಅಂಗೀಕರಿಸಿದ ಧ್ವಜ. ಅಶೋಕ ಚಕ್ರವಿದ್ದರೆ ಪಟ 1947ರ ಜುಲೈ 22ಕ್ಕಿಂತ ಹಿಂದಿನದಾಗಿರಲು ಸಾಧ್ಯವಿಲ್ಲ.

ಅಂಗಡಿಗಳ ಜಾಹೀರಾತು ಕ್ಯಾಲೆಂಡರುಗಳಲ್ಲಿ ಗುರುತುಗಳು ಇನ್ನೂ ಹೆಚ್ಚು. ಬೆಲೆ ಆಣೆಯಲ್ಲಿದ್ದರೆ ಬಹುಮಟ್ಟಿಗೆ 1957ರ ದಶಮಾಂಶ ನಾಣ್ಯಕ್ಕೆ ಮೊದಲಿನದು. ವಿಳಾಸದಲ್ಲಿ ‘ಮೈಸೂರು ರಾಜ್ಯ’ ಎಂದಿದ್ದರೆ 1956ರಿಂದ 1973ರ ನಡುವಿನದು. ಆರಂಕಿಯ ಪಿನ್ ಕೋಡ್ ಇದ್ದರೆ 1972ರ ಆಗಸ್ಟಿನ ನಂತರದ್ದು. ‘ಜಿಲ್ಲಾ ಧಾರವಾಡ’ ಎಂದಿದ್ದರೆ ಹೆಚ್ಚುಕಡಿಮೆ 1997ಕ್ಕೆ ಹಿಂದಿನದು.

ಕ್ಯಾಲೆಂಡರೆಂದು ಕಡೆಗಣಿಸುವ ಮುನ್ನ ಕಲಾವಿದನ ಸಹಿಯನ್ನೂ ಓದಬೇಕು. 1916ರಲ್ಲಿ ಕಲಬುರ್ಗಿಯಲ್ಲಿ ಹುಟ್ಟಿ, ಮುಂಬಯಿಯಲ್ಲಿ ಸಿನಿಮಾ ಪೋಸ್ಟರುಗಳಿಗೂ ಪೌರಾಣಿಕ ಕ್ಯಾಲೆಂಡರುಗಳಿಗೂ ಹೊಸ ಮೆರುಗು ಕೊಟ್ಟ ಎಸ್. ಎಂ. ಪಂಡಿತರ ಚಿತ್ರಗಳು ಆಫ್‌ಸೆಟ್ಟಿನಲ್ಲಿಯೇ ಮನೆಮನೆ ಸೇರಿದವು. ತಮಿಳುನಾಡಿನ ಕೋವಿಲ್‌ಪಟ್ಟಿಯ ಕೊಂಡಯ್ಯ ರಾಜು ಅವರ ದೇವರ ಪಟಗಳೂ ಹಾಗೆಯೇ. ಮುದ್ರಣದ ಜಾತಿ ಹೊಸದಾದ ಮಾತ್ರಕ್ಕೆ ಪಟ ನಗಣ್ಯವಾಗುವುದಿಲ್ಲ.

ಜವಳಿ ವ್ಯಾಪಾರದ ಹಳೆಯ ಮನೆತನಗಳು ಇನ್ನೊಂದು ವಸ್ತುವನ್ನು ಹುಡುಕಬೇಕು. ಮ್ಯಾಂಚೆಸ್ಟರಿನಿಂದ ಬರುತ್ತಿದ್ದ ಬಟ್ಟೆಯ ತಾನುಗಳ ಮೇಲೆ ಅಂಟಿಸುತ್ತಿದ್ದ ಬಣ್ಣದ ಚೀಟಿಗಳು, ‘ಛಾಪು’ಗಳು. ಹುಲಿ, ಆನೆ, ಕೃಷ್ಣ, ಮಹಾರಾಜ ಮುಂತಾದ ಚಿತ್ರಗಳಿರುವ, ಅಂಗೈಯಗಲದ ಈ ಚೀಟಿಗಳು ಬಹುಪಾಲು ಬಣ್ಣದ ಕಲ್ಲಚ್ಚುಗಳೇ. ಹಳೆಯ ಖಾತೆ ಪುಸ್ತಕಗಳ ನಡುವೆ ಬೆಳಕು ಕಾಣದೆ ಉಳಿದಿದ್ದರೆ ಅವುಗಳ ಬಣ್ಣ ಇಂದಿಗೂ ತಾಜಾ ಇರಬಲ್ಲದು.

ಮಾರುವ ಮುನ್ನ, ಸಾಗಿಸುವ ಮುನ್ನ

ಮನೆ ಬಾಗಿಲಿಗೆ ಬಂದು ‘ಹಳೆಯ ಪಟಗಳಿದ್ದರೆ ಕೊಡಿ’ ಎನ್ನುವವರಿಗೆ ಸಾಲನ್ನೆಲ್ಲ ಒಟ್ಟಿಗೆ ಒಪ್ಪಿಸುವ ಬದಲು, ಮೇಲೆ ಹೇಳಿದ ಪರೀಕ್ಷೆಗಳನ್ನು ಒಂದು ಮಧ್ಯಾಹ್ನ ಕುಳಿತು ನಡೆಸಬಹುದು. ಕೊಳ್ಳುವವರಿಗೂ ಇದೇ ಮಾತು. ‘ಮೂಲ ರವಿವರ್ಮ’ ಎಂದು ಯಾರಾದರೂ ಹೇಳಿದರೆ ಕೇಳಬೇಕಾದ ಪ್ರಶ್ನೆ ಒಂದೇ: ಮೂಲ ಚಿತ್ರವೋ, ಮೂಲ ಕಲ್ಲಚ್ಚೋ? ಚಿತ್ರವೆಂದರೆ ಚುಕ್ಕಿ ಇರಬಾರದು. ಕಲ್ಲಚ್ಚೆಂದರೆ ಚುಕ್ಕಿಯೊಳಗೆ ಚುಕ್ಕಿ ಇರಬಾರದು. ಮೂಲಚಿತ್ರದ ಪರಿಚಯ ಬೇಕಾದವರು ಮೈಸೂರಿನ ಜಗನ್ಮೋಹನ ಅರಮನೆಯ ಸಂಗ್ರಹದಲ್ಲಿರುವ ರವಿವರ್ಮನ ತೈಲಚಿತ್ರಗಳನ್ನು ಒಮ್ಮೆ ಹತ್ತಿರದಿಂದ ನೋಡಬೇಕು. 2023ರಲ್ಲಿ ಬೆಂಗಳೂರಿನಲ್ಲಿ ಸಾರ್ವಜನಿಕರಿಗೆ ತೆರೆದ ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೋಗ್ರಫಿಯ ಸಂಗ್ರಹದಲ್ಲಿ ಜನಪ್ರಿಯ ಮುದ್ರಣಗಳಿಗೂ ಸ್ಥಾನವಿದೆ.

ವಿದೇಶದಲ್ಲಿರುವ ಮಕ್ಕಳು ಅಜ್ಜನ ಮನೆಯ ಪಟವನ್ನು ಕೊಂಡೊಯ್ಯಲು ಬಯಸುವುದುಂಟು. 1972ರ ಪುರಾತನ ವಸ್ತು ಮತ್ತು ಕಲಾ ನಿಧಿ ಕಾಯ್ದೆಯ ಪ್ರಕಾರ ನೂರು ವರ್ಷಕ್ಕೆ ಕಡಿಮೆಯಿಲ್ಲದ ಕಲಾಕೃತಿ ಪುರಾತನ ವಸ್ತುವಿನ ವ್ಯಾಖ್ಯೆಗೆ ಸೇರುತ್ತದೆ. ಅದನ್ನು ಖಾಸಗಿಯವರು ದೇಶದ ಹೊರಗೆ ಸಾಗಿಸುವಂತಿಲ್ಲ. ರವಿವರ್ಮನ ಕೃತಿಗಳನ್ನಂತೂ 1979ರಲ್ಲಿ ಕಲಾ ನಿಧಿಯೆಂದು ಘೋಷಿಸಲಾಗಿದೆ. ವಯಸ್ಸಿನ ಬಗ್ಗೆ ಅನುಮಾನವಿದ್ದರೆ ಹೊರಡುವ ಮೊದಲೇ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯಿಂದ ಅದು ಪುರಾತನ ವಸ್ತುವಲ್ಲವೆಂಬ ಪ್ರಮಾಣಪತ್ರ ಪಡೆಯುವುದು ಕ್ಷೇಮ.

ಉಳಿಸಿಕೊಳ್ಳುವವರಿಗೆ ನಾಲ್ಕು ಮಾತು

ಪಟವನ್ನು ನೇರ ಬಿಸಿಲು ಬೀಳುವ ಗೋಡೆಗೆ, ಮಳೆಗಾಲದಲ್ಲಿ ಬೆವರುವ ಗೋಡೆಗೆ ಹಾಕಬಾರದು. ಒದ್ದೆ ಬಟ್ಟೆಯಿಂದ ಗಾಜನ್ನು ಒರೆಸಿದರೆ ನೀರು ಚೌಕಟ್ಟಿನ ಸಂದಿನಲ್ಲಿ ಇಳಿದು ಕಾಗದಕ್ಕೆ ಕಲೆ ಹಿಡಿಯುತ್ತದೆ. ಒಣ ಬಟ್ಟೆ ಸಾಕು. ಗಾಜಿಗೆ ಅಂಟಿಕೊಂಡ ಪಟವನ್ನು ಕಿತ್ತು ತೆಗೆಯಲು ಹೋದರೆ ದೇವರ ಮುಖ ಗಾಜಿನಲ್ಲೇ ಉಳಿಯುತ್ತದೆ. ಅದನ್ನು ಕಾಗದ ಸಂರಕ್ಷಣೆ ಬಲ್ಲವರಿಗೇ ಬಿಡಬೇಕು. ಲ್ಯಾಮಿನೇಷನ್ ಮಾಡಿಸುವುದು, ಪ್ಲೈವುಡ್ಡಿಗೆ ಗೋಂದು ಹಚ್ಚಿ ಅಂಟಿಸುವುದು ಎರಡೂ ಪಟಕ್ಕೆ ಮರಣಶಾಸನ. ಹೊಸ ಕಟ್ಟು ಹಾಕಿಸುವಾಗ ಆಮ್ಲವಿಲ್ಲದ ರಟ್ಟನ್ನು ಕೇಳಿ ಪಡೆಯಬೇಕು. ಗಾಜಿಗೂ ಕಾಗದಕ್ಕೂ ನಡುವೆ ಬೆರಳಂಚಿನಷ್ಟಾದರೂ ತೆರಪಿರಬೇಕು. ಅರಿಸಿನ ಕುಂಕುಮವನ್ನು ಗಾಜಿಗೆ ಹಚ್ಚಿದರೆ ಬಾಧಕವಿಲ್ಲ, ಕಾಗದಕ್ಕೆ ಹಚ್ಚಬಾರದು.

ಎಲ್ಲಕ್ಕಿಂತ ಸುಲಭದ, ಎಲ್ಲರೂ ಮರೆಯುವ ಕೆಲಸವೊಂದಿದೆ. ಪಟ ಯಾವ ಊರಿನ ಯಾವ ಮನೆಯಲ್ಲಿತ್ತು, ಯಾರು ತಂದರು, ಎಂದಿನಿಂದ ಅಲ್ಲಿತ್ತು ಎಂಬುದನ್ನು ಮನೆಯ ಹಿರಿಯರಿಂದ ಕೇಳಿ, ಒಂದು ಚೀಟಿಯಲ್ಲಿ ಬರೆದು, ಚೌಕಟ್ಟಿನ ಹಿಂಬದಿಗೆ ಕಟ್ಟಬೇಕು. ಚುಕ್ಕಿಗಳನ್ನು ಮಸೂರ ಓದಬಲ್ಲದು. ಅಜ್ಜಿ ಯಾವ ಶುಕ್ರವಾರಗಳಂದು ಆ ಲಕ್ಷ್ಮಿಗೆ ದೀಪ ಹಚ್ಚುತ್ತಿದ್ದಳೆಂಬುದನ್ನು ಯಾವ ಮಸೂರವೂ ಓದಲಾರದು. ಮನೆ ಕೆಡವುವ ದಿನ ಆ ಚೀಟಿಯಿದ್ದರೆ ಪಟ ಗುಜರಿಯ ಗಾಡಿ ಏರುವ ಮುನ್ನ ಯಾರಾದರೊಬ್ಬರು ಒಂದು ಕ್ಷಣ ನಿಂತು ನೋಡಿಯಾರು.